ಸ್ಯಾಂಪಲ್ ಹದಿನೇಳು

ಮಾವನ ಹೆಸರು ಬೋರಯ್ಯ. ನಗಬೇಡಿ,
ಊರಿಗೆ ಬೋರ್‌ವೆಲ್ ಬರುವ ಮೊದಲೇ ಇಟ್ಟ ಹೆಸರು.
ಅಂಗೈ ಮೇಲೆ ತೆಂಗಿನಕಾಯಿ ಮಲಗಿಸಿಕೊಂಡು
ಹೊಲದ ತುಂಬ ಬರಿಗಾಲಲ್ಲಿ ನಡೆಯುತ್ತಾನೆ,
ಕಾಯಿ ಎದ್ದು ಕೂತಲ್ಲಿ ಹಿಮ್ಮಡಿಯಿಂದ ಒಂದು ಗೆರೆ:
'ಇಲ್ಲಿ ಹೊಡಿರಿ.'
ಪಾಯಿಂಟಿಗೆ ಎರಡು ಸಾವಿರ, ಕಾಯಿ ಅವನಿಗೇ.

ಅಂಥದೊಂದು ಪಾಯಿಂಟಿನ ದುಡ್ಡಲ್ಲಿ
ನನ್ನ ಅರ್ಜಿ ಶುಲ್ಕ ಕಟ್ಟಿದ್ದು.
ಭೂವಿಜ್ಞಾನ ಮತ್ತು ಪರಿಸರ, ಪೂರ್ಣಾವಧಿ ಸಂಶೋಧನೆ,
ಐದು ವರ್ಷ ಫೆಲೋಶಿಪ್, ಸೀಟು ಒಂದು.
ತುರುವನೂರು ರಸ್ತೆಯ ಸೈಬರ್ ಸೆಂಟರಿನ ಹುಡುಗ
ಫೋಟೋ ಏರಿಸುತ್ತಾ ಕೇಳಿದ,
'ಅಕ್ಕ, ಓದೋಕೆ ಅವರೇ ದುಡ್ಡು ಕೊಡ್ತಾರಾ?'
ನನಗೂ ಪೂರ್ತಿ ನಂಬಿಕೆ ಇರಲಿಲ್ಲ.
ಸಂಶೋಧನೆಯ ಉದ್ದೇಶ, ಐನೂರು ಪದ ಮೀರದಂತೆ:
ಮೂರು ಸಲ ಬರೆದೆ. ಮೂರೂ ಸಲ
ಬೇರೆ ಯಾರೋ ಬರೆದ ಹಾಗಿತ್ತು.

ಸಂದರ್ಶನದಲ್ಲಿ ಐವರು. ನಡುವಿನವರು ಕೇಳಿದರು,
ಯಾಕೆ ಫ್ಲೋರೈಡ್? ಯಾಕೆ ನೀವು?
ಕಲಿತ ಉತ್ತರ ಗಂಟಲಲ್ಲೇ ನಿಂತಿತು.
ನಮ್ಮೂರ ಮದುವೆ ಫೋಟೋಗಳಲ್ಲಿ
ಯಾರೂ ಬಾಯಿ ತೆರೆದು ನಗುವುದಿಲ್ಲ,
ಸ್ಟುಡಿಯೋದವನು ಹೇಳಿ ಹೇಳಿ ಸೋತಿದ್ದಾನೆ.
ಅವತ್ತು ನಾನು ನಕ್ಕೆ,
ಕಂದು ಗೆರೆ ಎಳೆದ ಹಲ್ಲು ಅಷ್ಟೂ ಕಾಣುವಂತೆ.
ಒಬ್ಬರು ಕನ್ನಡಕ ತೆಗೆದು ಒರೆಸಿಕೊಂಡರು.
ಇನ್ನೊಬ್ಬರು, ಪುಣ್ಯಾತ್ಮರು,
ಮರಡಿಹಳ್ಳಿಯ ದಿಂಬುಗಲ್ಲಿನ ಬಗ್ಗೆ ಕೇಳಿದರು.
ಅದು ಗೊತ್ತಿತ್ತು. ಈ ಒಣ ದುರ್ಗ
ಒಂದು ಕಾಲಕ್ಕೆ ಕಡಲ ತಳ,
ನೀರೊಳಗೇ ಉಕ್ಕಿದ ಬೆಂಕಿ
ಮಲಗುವ ದಿಂಬಿನಂತೆ ಉಬ್ಬಿ ಕಲ್ಲಾದ ಜಾಗ.

ಸೀಟು ಸಿಕ್ಕಿತು. ದುಡ್ಡು ಸಿಗಲಿಲ್ಲ,
ಅಂದರೆ ಏಳು ತಿಂಗಳು ಸಿಗಲಿಲ್ಲ.
ಹಾಜರಿ ಪತ್ರ, ಬಳಕೆ ಪತ್ರ, ಆಧಾರಿಗೆ ಕೂಡದ ಖಾತೆ,
ನಾನು ಒಂದರಲ್ಲಿ ಪಾಲಮ್ಮ, ಇನ್ನೊಂದರಲ್ಲಿ ಬಾಲಮ್ಮ.
ಅಷ್ಟೂ ದಿನ ಹಾಸ್ಟೆಲ್ ಮೆಸ್ಸಿಗಾಗಿ
ಮಾವನ ಕಾಯಿಗಳು ಎದ್ದು ಎದ್ದು ಕೂತವು.
ಒಟ್ಟಿಗೆ ಬಂದ ದಿನ ಅವನಿಗೊಂದು ಜೊತೆ ಚಪ್ಪಲಿ ತಂದೆ.
ಹಾಕಿಕೊಳ್ಳಲಿಲ್ಲ.
'ಕಾಲಿಗೆ ನೆಲ ತಾಗದಿದ್ರೆ ಕಾಯಿ ಏಳಲ್ಲ ಕಣಮ್ಮಿ.'

ಎರಡನೇ ವರ್ಷ ಬಾಟಲಿ ತುಂಬಲು ಹೊರಟೆ.
ಪ್ಲಾಸ್ಟಿಕ್ಕಿನವು; ಫ್ಲೋರೈಡ್ ಗಾಜನ್ನೂ ಬಿಡುವುದಿಲ್ಲ.
ಯಾರ ಹೊಲ, ಎಷ್ಟು ಅಡಿ, ಯಾವ ವರ್ಷ,
ಯಾವ ಕಡತದಲ್ಲೂ ಸಿಗದ ಲೆಕ್ಕ ಮಾವನ ತಲೆಯಲ್ಲಿತ್ತು.
ಬೈಕಿನ ಹಿಂದೆ ಕೂತು ದಾರಿ ಹೇಳಿದ,
ಒಂದೊಂದು ಬೋರಿನ ಹತ್ತಿರವೂ
ಮಗಳ ಮನೆಗೆ ಬಂದವನ ಹಾಗೆ ಇಳಿದು ನಿಂತ.
'ಇದು ನಂದು. ನಾನೂರಾ ಇಪ್ಪತ್ತಕ್ಕೇ ಬಂತು.'
'ಇದೂ ನಂದೇ.'
ಹದಿನೇಳನೆಯದು ಶಾಲೆಯ ಹಿಂದಿನದು.
ಅದಕ್ಕೆ ದುಡ್ಡು ಮುಟ್ಟಿರಲಿಲ್ಲವಂತೆ.
ನಾನು ಕುಡಿದು ಬೆಳೆದದ್ದು ಅದೇ ನೀರು.

ಮೀಟರಿನ ಅಂಕಿ ತೊನೆದು ತೊನೆದು
ನಾಲ್ಕು ಪಾಯಿಂಟ್ ಒಂದಕ್ಕೆ ನಿಂತಿತು.
ಒಂದೂವರೆ ದಾಟಬಾರದು.
ಮತ್ತೆ ಮಾಡಿದೆ. ಮತ್ತೂ ಮಾಡಿದೆ.
ಕೋಷ್ಟಕದಲ್ಲಿ ಹೆಸರು ಬೇಡ, ನಂಬರ್ ಸಾಕು ಅಂದರು ಗೈಡ್.

ಹಬ್ಬದ ಮಾರನೇ ದಿನ ಹೇಳಿದೆ.
ಮಾವ ಬಹಳ ಹೊತ್ತು ಬೀಡಿ ಹಚ್ಚಲಿಲ್ಲ.
'ನೀರು ಬಂತಲ್ಲಮ್ಮಿ?'
ಬಂತು ಮಾವ.
'ನಾನು ಸುಳ್ಳು ಹೇಳಿಲ್ಲ ತಾನೇ?'
ಇಲ್ಲ.
'ಮತ್ತೆ ಕಾಯಿಗೆ ಯಾಕೆ ಗೊತ್ತಾಗಲಿಲ್ಲ?'
ಐದು ವರ್ಷದ ಫೆಲೋಶಿಪ್ಪಿನಲ್ಲಿ
ಇದಕ್ಕೆ ಅಧ್ಯಾಯವಿಲ್ಲ.

ಬೆಳಿಗ್ಗೆ ಎದ್ದರೆ ಬಾಗಿಲಲ್ಲಿ ಮಾವ,
ಕೈಯಲ್ಲಿ ಕೆಮ್ಮಿನ ಔಷಧಿಯ ಹಳೇ ಬಾಟಲಿ,
ಅದರಲ್ಲಿ ನಿನ್ನೆ ಕೊರೆದ ಬೋರಿನ ನೀರು.
'ಎಷ್ಟೈತೆ ನೋಡಿ ಹೇಳು.
ಅಲ್ಲಿವರೆಗೂ ದುಡ್ಡು ಈಸ್ಕೊಳ್ಳಲ್ಲ ಅಂದಿದೀನಿ.'
ಗಾಜಿನ ಬಾಟಲಿ. ನಡೆಯಲ್ಲ ಅನ್ನಲು ಬಾಯಿ ತೆರೆದವಳು
ಒರೆಸಿ ಬ್ಯಾಗಿಗೆ ಹಾಕಿಕೊಂಡೆ.
ಅದಕ್ಕಿನ್ನೂ ನಂಬರ್ ಬರೆದಿಲ್ಲ.